ಮೊಬೈಲ್ ಮಾತಾಡುತ್ತದೆ, ಬರೆಯುವುದು ಯಾರು?

ಆನವಟ್ಟಿ ಬಸ್ ನಿಲ್ದಾಣದಲ್ಲಿ ನಿಂತ, ಕಣ್ಣು ಕಾಣದ ಹುಡುಗಿಯೊಬ್ಬಳು ಮನೆಗೆ ಮೆಸೇಜ್ ಕಳಿಸಬೇಕು ಅಂತಿಟ್ಟುಕೊಳ್ಳಿ. ಬಾಯಲ್ಲಿ ಹೇಳಿದರೆ ಮೊಬೈಲೇ ಬರೆದುಕೊಳ್ಳುತ್ತದೆ, ನಿಜ. ಆದರೆ ಹಾನಗಲ್ ಬಸ್ಸಿನ ಹಾರ್ನ್, ಕಂಡಕ್ಟರ್ ಕೂಗು, ಪಕ್ಕದಲ್ಲಿ ನಾಲ್ಕು ಜನ. ಆಸ್ಪತ್ರೆ ರಿಪೋರ್ಟಿನ ವಿಷಯವನ್ನೋ, ಕೈಯಲ್ಲಿ ದುಡ್ಡಿಲ್ಲ ಅನ್ನೋದನ್ನೋ ಅಷ್ಟು ಜನರ ನಡುವೆ ಜೋರಾಗಿ ಹೇಳೋಕೆ ಯಾರಿಗೆ ಮನಸ್ಸು ಬಂದೀತು? ಕಣ್ಣಿದ್ದವರು ಹೆಬ್ಬೆರಳಲ್ಲಿ ಒತ್ತಿ ಸುಮ್ಮನೆ ಕಳಿಸಿಬಿಡುತ್ತೇವೆ.

ಹೀಗೆ ಸುಮ್ಮನೆ ಬರೆಯುವ ದಾರಿ ಅವರಿಗೂ ಇದೆ. ಬ್ರೈಲ್ ಲಿಪಿ ಬಲ್ಲವರಿಗೆ ಮಾತ್ರ.

ಫ್ರಾನ್ಸಿನ ಲೂಯಿ ಬ್ರೈಲ್ ಹುಟ್ಟಿದ್ದು 1809ರಲ್ಲಿ. ಮೂರನೇ ವಯಸ್ಸಿಗೆ ಅಪ್ಪನ ಚರ್ಮದ ಕೆಲಸದ ಅಂಗಡಿಯಲ್ಲಿ ಉಳಿ ತಗುಲಿ ಕಣ್ಣು ಹೋಯಿತು. ಹದಿಹರೆಯದಲ್ಲೇ ಆರು ಚುಕ್ಕೆಗಳ ಲಿಪಿ ಕಟ್ಟಿದ ಆತ 1829ರಲ್ಲಿ ಅದನ್ನು ಪುಸ್ತಕವಾಗಿ ಪ್ರಕಟಿಸಿದ. ನಮ್ಮ ದೇಶದ ಭಾಷೆಗಳಿಗೆಲ್ಲ ಹೊಂದುವ ಭಾರತಿ ಬ್ರೈಲ್ 1951ರಲ್ಲಿ ಬಂತು. ಕನ್ನಡದ್ದೂ ಅದೇ.

ಮಕ್ಕಳು ಇಂದಿಗೂ ಮೊದಲು ಕಲಿಯುವುದು ಸ್ಲೇಟು ಮತ್ತು ಮೊಳೆಯಂಥ ಕಡ್ಡಿಯಲ್ಲಿ. ಕಾಗದದ ಹಿಂಬದಿಯಿಂದ ಚುಚ್ಚಬೇಕು, ಹಾಗಾಗಿ ಬಲದಿಂದ ಎಡಕ್ಕೆ ಬರೆಯಬೇಕು, ಅಕ್ಷರಗಳನ್ನೂ ಕನ್ನಡಿಯಲ್ಲಿ ಕಂಡಂತೆ ತಿರುಗಿಸಬೇಕು. ಓದುವಾಗ ಹಾಳೆ ಮಗುಚಿ ಎಡದಿಂದ ಬಲಕ್ಕೆ. ಪುಟ್ಟ ಮಗುವಿಗೆ ಇದು ಸಣ್ಣ ಸಾಹಸವೇನಲ್ಲ.

ಕೀಲಿ ಇರುವ ಸಾಧನದಲ್ಲಿ ಈ ತಿರುಗುಮುರುಗು ಇಲ್ಲ. ಎಡಗೈಗೆ 1, 2, 3ನೇ ಚುಕ್ಕೆಯ ಕೀಲಿ, ಬಲಗೈಗೆ 4, 5, 6. ಒಂದು ಅಕ್ಷರಕ್ಕೆ ಬೇಕಾದ ಚುಕ್ಕೆಗಳನ್ನೆಲ್ಲ ಒಟ್ಟಿಗೆ ಒತ್ತಿ ಬಿಟ್ಟರಾಯಿತು. 'ಉಮ್ಮ' ಎಂದು ಬರೆಯೋಣ. ಮೊದಲು ಉ: 1, 3, 6. ಮುಂದೆ ಒತ್ತಕ್ಷರ ಬರುತ್ತದೆ ಎಂದು ತಿಳಿಸಲು 4ನೇ ಚುಕ್ಕೆ ಒಂದೇ. ಆಮೇಲೆ ಎರಡು ಸಲ ಮ: 1, 3, 4. ನಾಲ್ಕೇ ಒತ್ತು. ಗುಣಿತಕ್ಕೆ ಬೇರೆ ಚಿಹ್ನೆಗಳ ಕಾಟವೂ ಇಲ್ಲ. ವ್ಯಂಜನದ ಮುಂದೆ ಸ್ವರವನ್ನೇ ಬರೆದರೆ ಮುಗಿಯಿತು.

ಕೈಯಲ್ಲಿ ಹಿಡಿದು ಓಡಾಡಬಹುದಾದ ಆರ್ಬಿಟ್ ರೀಡರ್ 20 ಎಂಬ ಸಾಧನ ಅರ್ಧ ಕೆಜಿಯೂ ತೂಗುವುದಿಲ್ಲ. ಅದರಲ್ಲಿ 20 ಅಕ್ಷರಗಳ ಒಂದು ಸಾಲು. ಸಣ್ಣ ಕಡ್ಡಿಗಳು ಮೇಲೆದ್ದು ಅಕ್ಷರವಾಗುತ್ತವೆ, ಬೆರಳಾಡಿಸಿ ಓದಿದ ಮೇಲೆ ಇಳಿದು ಮುಂದಿನ ಸಾಲಾಗುತ್ತವೆ. ಮೇಲ್ಗಡೆ ಬರೆಯುವ ಕೀಲಿಗಳು, ಪುಸ್ತಕಗಳಿಗೆ ಮೆಮೊರಿ ಕಾರ್ಡ್. ಬ್ಲೂಟೂತ್ ಮೂಲಕ ಮೊಬೈಲ್‌ಗೂ ಜೋಡಿಸಬಹುದು. ಬೆಂಗಳೂರಿನ ಥಿಂಕರ್‌ಬೆಲ್ ಲ್ಯಾಬ್ಸ್ ರೂಪಿಸಿದ 'ಆನಿ' ಇನ್ನೊಂದು ಬಗೆಯದು. ಅದು ಮಾತಾಡುತ್ತಾ ಮಗುವಿಗೆ ಬ್ರೈಲ್ ಓದು, ಬರಹ ಎರಡನ್ನೂ ಕಲಿಸುತ್ತದೆ.

ಇಂಥವು ಎಲ್ಲರ ಕೈಗೆಟುಕುವ ಬೆಲೆಯವಲ್ಲ. ಹಾಗಂತ ಕೈಚೆಲ್ಲಬೇಕಿಲ್ಲ, ಮೊಬೈಲ್ ಪರದೆಯೇ ಕೀಲಿಮಣೆ ಆಗುತ್ತದೆ. ಐಫೋನ್‌ಗೆ 2014ರಲ್ಲೂ ಆಂಡ್ರಾಯ್ಡ್‌ನ ಟಾಕ್‌ಬ್ಯಾಕ್‌ಗೆ 2020ರಲ್ಲೂ ಈ ಸೌಲಭ್ಯ ಬಂತು. ಪರದೆಯನ್ನು ಆಚೆ ಮುಖ ಮಾಡಿ ಹಿಡಿದು, ಎರಡೂ ಕೈಯ ಮೂರು ಮೂರು ಬೆರಳಲ್ಲಿ ಚುಕ್ಕೆ ಒತ್ತುವುದು. ಹೆಚ್ಚಿನ ಖರ್ಚೇನೂ ಇಲ್ಲ.

ಧ್ವನಿ ಬಂದ ಮೇಲೆ ಬ್ರೈಲ್ ಯಾಕೆ ಅಂತ ಕೇಳುವವರಿದ್ದಾರೆ. ಕೇಳಿ ಕಲಿತ ಮಗುವಿಗೆ ಕಥೆ ಗೊತ್ತಾಗುತ್ತದೆ, ಕಾಗುಣಿತ ಗೊತ್ತಾಗುವುದಿಲ್ಲ. ಅಲ್ಪಪ್ರಾಣವೋ ಮಹಾಪ್ರಾಣವೋ, ಎಲ್ಲಿ ಪದ ಒಡೆಯಬೇಕು, ಇವೆಲ್ಲ ಬೆರಳಿಗೆ ಸಿಗಬೇಕು. ನಮ್ಮ ಮನೆಗಳಲ್ಲಿ ಇನ್ನೊಂದು ತೊಡಕಿದೆ. ಕನ್ನಡ ಬಲ್ಲ ಮೊಬೈಲ್‌ಗೆ ಬ್ಯಾರಿ ಪದ ಹೇಳಿದರೆ ತನಗೆ ಗೊತ್ತಿರುವ ಯಾವುದೋ ಕನ್ನಡ ಪದವನ್ನು ಬರೆದು ಕೂರುತ್ತದೆ. ಕೀಲಿ ಹಾಗಲ್ಲ, ಒತ್ತಿದ್ದನ್ನೇ ಬರೆಯುತ್ತದೆ. ಬ್ಯಾರಿಯನ್ನು ನಾವು ಕನ್ನಡ ಲಿಪಿಯಲ್ಲಿ ಬರೆಯುತ್ತಾ ಬಂದವರು. ಕನ್ನಡ ಬ್ರೈಲ್ ಬಂದರೆ ಬ್ಯಾರಿಯೂ ಬಂತು.

ಮದ್ರಸಕ್ಕೆ ಹೋಗುವ ಮಗುವಿಗೂ ಇದು ಉಪಯೋಗಕ್ಕೆ ಬರುತ್ತದೆ. ಅರಬಿ ಬ್ರೈಲ್ ಓದುವುದು ಎಡದಿಂದ ಬಲಕ್ಕೇ, ಕನ್ನಡದ ಹಾಗೆ. ಅಲಿಫ್‌ಗೂ ಅ ಅಕ್ಷರಕ್ಕೂ ಒಂದೇ ಚುಕ್ಕೆ. ಬಾ ಮತ್ತು ಬ, ಲಾಮ್ ಮತ್ತು ಲ, ಮೀಮ್ ಮತ್ತು ಮ, ನೂನ್ ಮತ್ತು ನ, ಇವೂ ಹಾಗೆಯೇ. ಕನ್ನಡ ಬ್ರೈಲ್ ಕಲಿತ ಮಗು ಅರಬಿಯ ಅರ್ಧ ದಾರಿಯಲ್ಲೇ ನಿಂತಿರುತ್ತದೆ.

ಕಲಿಸುವವರು ಎಲ್ಲಿ ಅನ್ನೋದೇ ಆನವಟ್ಟಿ ಕಡೆಯವರ ಕಷ್ಟ. ಶಿವಮೊಗ್ಗದಲ್ಲಿ ಶಾರದಾದೇವಿ ಅಂಧರ ವಿಕಾಸ ಕೇಂದ್ರವಿದೆ, ಆದರೆ ಶಿರಾಳಕೊಪ್ಪ, ಶಿಕಾರಿಪುರ ದಾಟಿ ಹೋಗಬೇಕು. ಚಿಕ್ಕ ಮಗುವನ್ನು, ಅದರಲ್ಲೂ ಹೆಣ್ಣುಮಗುವನ್ನು ಅಷ್ಟು ದೂರ ಬಿಡಲು ಮನೆಯವರು ಹಿಂದೆಮುಂದೆ ನೋಡುತ್ತಾರೆ. ನೋಡುತ್ತಾ ಕೂತರೆ ಕಲಿಯುವ ವಯಸ್ಸು ಕಾಯುವುದಿಲ್ಲ. ಹಾನಗಲ್ ತಾಲೂಕಿನಲ್ಲಿ 1914ರಲ್ಲಿ ಹುಟ್ಟಿ, ಶಿಶುವಾಗಿದ್ದಾಗಲೇ ಕಣ್ಣು ಕಳೆದುಕೊಂಡ ಪುಟ್ಟರಾಜ ಗವಾಯಿಗಳು ಗದಗದಲ್ಲಿ ಕಲಿತು ಎಷ್ಟು ಎತ್ತರಕ್ಕೆ ಏರಿದರೆಂಬುದು ಈ ಕಡೆಯವರಿಗೆ ಹೇಳಿ ತಿಳಿಯಬೇಕಾದ ಮಾತಲ್ಲ. ಅವರೂ ಊರು ಬಿಟ್ಟೇ ಕಲಿತದ್ದು.

ಮೊದಲು ಮಗುವಿಗೆ ಯುಡಿಐಡಿ ಕಾರ್ಡ್ ಮಾಡಿಸಿ. ಸರ್ಕಾರದ ಸಾಧನ, ಸವಲತ್ತು ಕೇಳಲು ಅದು ಬೇಕು. ತಾಲೂಕು ಪಂಚಾಯಿತಿಯ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರನ್ನು ಕೇಳಿದರೆ ಅರ್ಜಿಯ ದಾರಿ ತಿಳಿಸುತ್ತಾರೆ. ಸಾಧನವನ್ನು ಯಾರಾದರೂ ಕೊಡಿಸಲು ಮುಂದೆ ಬಂದರೆ, ದುಡ್ಡು ಕೊಡುವ ಮೊದಲು ಅದನ್ನು ಮೊಬೈಲ್‌ಗೋ ಕಂಪ್ಯೂಟರಿಗೋ ಜೋಡಿಸಿ ನೋಡಲು ಹೇಳಿ. ಕೆಲವು ಇಂಗ್ಲಿಷ್ ಮಾತ್ರ ಬರೆದು ಸುಮ್ಮನಾಗುತ್ತವೆ. ಉ, 4ನೇ ಚುಕ್ಕೆ, ಮ, ಮ ಒತ್ತಿಸಿ. ಪರದೆಯ ಮೇಲೆ 'ಉಮ್ಮ' ಮೂಡಿದರೆ ತೆಗೆದುಕೊಳ್ಳಿ.