ಮೂಳೆಯ ಕೀವಿಗೆ ಮದ್ದು ತಲುಪುವುದು ಹೇಗೆ?

‘ಗಾಯ ಒಣಗಿದೆ, ಜ್ವರವೂ ಇಲ್ಲ. ಇನ್ನು ಮಾತ್ರೆ ನಿಲ್ಲಿಸಬಹುದಲ್ಲವೇ ಡಾಕ್ಟರೇ?’ ಬೈಕಿನಿಂದ ಬಿದ್ದು ಕಾಲು ಮುರಿದು, ಮೂಳೆಯಲ್ಲಿ ಕೀವಾದವರು ಎರಡು ವಾರವಾಗುತ್ತಲೇ ಕೇಳುವ ಪ್ರಶ್ನೆಯಿದು. ಕೂಲಿ ಬಿಟ್ಟು ಕೋಡಿಹಳ್ಳಿಯಿಂದ ಕನಕಪುರಕ್ಕೆ ಓಡಾಡುವ ಕಷ್ಟ ಸಣ್ಣದಲ್ಲ. ಆದರೂ ಮಾತ್ರೆ ನಿಲ್ಲಿಸಬೇಡಿ. ಅದಕ್ಕೆ ಕಾರಣ ಮೂಳೆಯ ರಚನೆಯಲ್ಲೇ ಇದೆ.

ಆಂಟಿಬಯಾಟಿಕ್ ಔಷಧ ರಕ್ತದ ಮೂಲಕವೇ ಮೂಳೆಗೆ ಹೋಗಬೇಕು. ಮೂಳೆಯ ಒಳಗಿನ ಸ್ಪಂಜಿನಂಥ ಭಾಗಕ್ಕೆ ರಕ್ತ ಚೆನ್ನಾಗಿ ಹರಿಯುತ್ತದೆ. ಹೊರಗಿನ ಗಟ್ಟಿ ಭಾಗದಲ್ಲಿ ಮಾತ್ರ ರಕ್ತನಾಳಗಳು ಕೂದಲೆಳೆಯಷ್ಟು ಸಣ್ಣ ಕೊಳವೆಗಳಲ್ಲಿ ಸಾಗುತ್ತವೆ. ಹಿಪ್ಪುನೇರಳೆ ತೋಟದ ಕೊನೆಯ ಸಾಲಿಗೆ ನೀರು ಕಡಿಮೆ ಮುಟ್ಟುವಂತೆ, ಇಲ್ಲಿಗೆ ಮದ್ದು ಕಡಿಮೆ ಮುಟ್ಟುತ್ತದೆ.

ಎಲ್ಲ ಔಷಧಗಳೂ ಒಂದೇ ರೀತಿ ಒಳಹೋಗುವುದಿಲ್ಲ. ಪೆನಿಸಿಲಿನ್, ಸೆಫಲೋಸ್ಪೊರಿನ್ ಗುಂಪಿನವು ಮೂಳೆಯಲ್ಲಿ ಸಾಮಾನ್ಯವಾಗಿ ರಕ್ತದಲ್ಲಿರುವುದರ ಶೇ. 10ರಿಂದ 30ರಷ್ಟು ಮಾತ್ರ ಸಿಗುತ್ತವೆ. ಆದ್ದರಿಂದಲೇ ಅವನ್ನು ಹೆಚ್ಚಿನ ಪ್ರಮಾಣದಲ್ಲಿ, ಬಹಳ ಸಲ ರಕ್ತನಾಳಕ್ಕೆ ಕೊಡುತ್ತಾರೆ. ಕ್ಲಿಂಡಾಮೈಸಿನ್, ಲಿನೆಜೋಲಿಡ್, ಸಿಪ್ರೊಫ್ಲಾಕ್ಸಸಿನ್ ಇನ್ನೂ ಚೆನ್ನಾಗಿ ಸೇರುತ್ತವೆ. ಆದರೆ ನಿಮಗೆ ಯಾವುದು ಬೇಕೆಂಬುದನ್ನು ಕೀವು ಅಥವಾ ಮೂಳೆಯ ಚೂರನ್ನು ಪರೀಕ್ಷಿಸಿ, ರೋಗಾಣು ಯಾವುದೆಂದು ತಿಳಿದೇ ನಿರ್ಧರಿಸಬೇಕು.

ಕೀವಿನ ಒತ್ತಡದಿಂದ ರಕ್ತಸಂಚಾರ ನಿಂತರೆ ಮೂಳೆಯ ತುಂಡು ಸಾಯುತ್ತದೆ. ರಕ್ತವೇ ಹೋಗದ ಕಡೆ ಮದ್ದು ಹೋಗುವುದೆಲ್ಲಿ? ಅಂಥ ತುಂಡಿನ ಮೇಲೆ, ಒಳಗೆ ಕೂರಿಸಿದ ರಾಡು, ಪ್ಲೇಟುಗಳ ಮೇಲೆ ರೋಗಾಣುಗಳು ಲೋಳೆಯ ಪೊರೆ ಹೊದ್ದು ಅಡಗುತ್ತವೆ. ಆಗ ಸತ್ತ ಮೂಳೆಯನ್ನು ಶಸ್ತ್ರಚಿಕಿತ್ಸೆಯಿಂದ ತೆಗೆಯಲೇಬೇಕು. ಕೆಲವೊಮ್ಮೆ ಜೆಂಟಾಮೈಸಿನ್ ಬೆರೆಸಿದ ಸಿಮೆಂಟ್ ಮಣಿಗಳನ್ನು ಅಲ್ಲೇ ಇಡುವುದೂ ಉಂಟು. ಅದರಿಂದ ಮದ್ದು ನೇರವಾಗಿ ಆ ಜಾಗದಲ್ಲೇ ಸಿಗುತ್ತದೆ.

ಸ್ವಚ್ಛಗೊಳಿಸಿದ ಮೂಳೆಗೆ ಹೊಸ ರಕ್ತನಾಳ ಬೆಳೆಯಲು ವಾರಗಳು ಬೇಕು. ಹೀಗಾಗಿ ದೊಡ್ಡವರಲ್ಲಿ ಚಿಕಿತ್ಸೆ ಸಾಮಾನ್ಯವಾಗಿ 6 ವಾರ, ಕೆಲವರಿಗೆ ಇನ್ನೂ ಹೆಚ್ಚು. ಅಷ್ಟೂ ದಿನ ಇಂಜೆಕ್ಷನ್ನೇ ಆಗಬೇಕೆಂದಿಲ್ಲ. ಸರಿಯಾಗಿ ಆರಿಸಿದ ಮಾತ್ರೆಯೂ ಇಂಜೆಕ್ಷನ್ನಿನಷ್ಟೇ ಗುಣ ಕೊಡುತ್ತದೆಂದು 2019ರಲ್ಲಿ ಪ್ರಕಟವಾದ, ಬ್ರಿಟನ್ನಿನ ಸಾವಿರಕ್ಕೂ ಹೆಚ್ಚು ರೋಗಿಗಳ ಅಧ್ಯಯನ ತೋರಿಸಿದೆ. ಆದರೆ ಹೊತ್ತು ತಪ್ಪಿಸಬಾರದು. ಸಿಪ್ರೊಫ್ಲಾಕ್ಸಸಿನ್ ಮಾತ್ರೆಯನ್ನು ಹಾಲಿನೊಡನೆ ನುಂಗಬೇಡಿ, ಅದು ರಕ್ತಕ್ಕೆ ಸೇರುವುದು ಕಡಿಮೆಯಾಗುತ್ತದೆ.

ಮೂಳೆ ಮುರಿದು ಚರ್ಮ ಹರಿದಿದ್ದರೆ ಸೊಪ್ಪು, ಎಣ್ಣೆ ಹಾಕಿ ಕಟ್ಟು ಕಟ್ಟಿಸದೆ, ಶುದ್ಧ ಬಟ್ಟೆ ಮುಚ್ಚಿ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ. ಮೊದಲ ಇಂಜೆಕ್ಷನ್ ಬೇಗ ಬಿದ್ದಷ್ಟೂ ಒಳ್ಳೆಯದು. ಮಾಗಿದ ಗಾಯದಲ್ಲಿ ಮತ್ತೆ ತೂತು ಬಿದ್ದು ಕೀವು ಸೋರಿದರೆ ಬರೀ ಡ್ರೆಸ್ಸಿಂಗ್ ಮಾಡಿಸಿ ಸುಮ್ಮನಾಗಬೇಡಿ. ಮೂಳೆತಜ್ಞರಿಗೆ ತೋರಿಸಿ. ಚರ್ಮ ಮಾಗಿತೆಂದರೆ ಮೂಳೆ ಮಾಗಿತೆಂದಲ್ಲ.