ನಾಲ್ಕು ಶೇಕಡಾ ಸರಿ, ಯಾವುದರಲ್ಲಿ ನಾಲ್ಕು?

ಮೀಸಲಾತಿ ಎಂದ ಕೂಡಲೇ ನಮ್ಮಲ್ಲಿ ಚರ್ಚೆ ಕಾವೇರುತ್ತದೆ. 2023ರ ಮಾರ್ಚ್‌ನಲ್ಲಿ ಅಂದಿನ ರಾಜ್ಯ ಸರಕಾರ ಮುಸ್ಲಿಮರ 2ಬಿ ಪ್ರವರ್ಗದ ಶೇ. 4 ಮೀಸಲಾತಿಯನ್ನು ರದ್ದು ಮಾಡಿ, ಒಕ್ಕಲಿಗರಿಗೂ ಲಿಂಗಾಯತರಿಗೂ ತಲಾ ಶೇ. 2 ಹಂಚಿದಾಗ ಊರೂರಲ್ಲಿ ಸಭೆ ನಡೆಯಿತು, ಮನವಿ ಸಲ್ಲಿಕೆಯಾಯಿತು. ವಿಷಯ ಸುಪ್ರೀಂ ಕೋರ್ಟಿಗೆ ಹೋದ ಮೇಲೆ ಆ ಆದೇಶವನ್ನು ಸದ್ಯಕ್ಕೆ ಜಾರಿ ಮಾಡುವುದಿಲ್ಲ ಎಂದು ಸರಕಾರವೇ ಹೇಳಬೇಕಾಯಿತು. ಆ ಹೋರಾಟ ಬೇಕೇ ಬೇಕಿತ್ತು. ಆದರೆ ಆಗ ನಾವು ಕೇಳದೆ ಬಿಟ್ಟ ಪ್ರಶ್ನೆಯೊಂದಿದೆ. ಈ ನಾಲ್ಕು ಶೇಕಡಾ ಎಂಬುದು ಯಾವುದರ ನಾಲ್ಕು ಶೇಕಡಾ?

ಇದನ್ನು ಅರ್ಥ ಮಾಡಿಕೊಳ್ಳಲು ಪಕ್ಕದ ಆಂಧ್ರಪ್ರದೇಶದ ಕಡೆ ಒಮ್ಮೆ ನೋಡುವುದು ಒಳ್ಳೆಯದು. ಅಲ್ಲಿಯೂ ಮುಸ್ಲಿಮರಿಗೆ ಶೇ. 4ರ ಮೀಸಲಾತಿಯೇ ಇದೆ. ಆದರೆ ಅದು ಸುಲಭವಾಗಿ ಸಿಕ್ಕಿದ್ದಲ್ಲ. 2004ರಲ್ಲಿ ವೈ.ಎಸ್. ರಾಜಶೇಖರ ರೆಡ್ಡಿಯವರ ಸರಕಾರ ಶೇ. 5 ಘೋಷಿಸಿತು, ಹೈಕೋರ್ಟ್ ರದ್ದು ಮಾಡಿತು. 2005ರಲ್ಲಿ ಕಾನೂನು ಮಾಡಿತು, ಅದೂ ಬಿತ್ತು. ಹಿಂದುಳಿದಿರುವಿಕೆಯನ್ನು ಸರಿಯಾಗಿ ಅಧ್ಯಯನ ಮಾಡದೆ ಇಡೀ ಧರ್ಮಕ್ಕೆ ಮೀಸಲಾತಿ ಕೊಡಲಾಗಿದೆ ಎಂಬುದೇ ಮುಖ್ಯ ಆಕ್ಷೇಪವಾಗಿತ್ತು. ಆಮೇಲೆ ನಿವೃತ್ತ ಐಎಎಸ್ ಅಧಿಕಾರಿ ಪಿ.ಎಸ್. ಕೃಷ್ಣನ್ ಅವರಿಂದ ವರದಿ ಪಡೆದು, ಮುಸ್ಲಿಮರೊಳಗಿನ ಹಿಂದುಳಿದ ಗುಂಪುಗಳನ್ನು ಹೆಸರು ಹಿಡಿದು ಗುರುತಿಸಿ, 2007ರಲ್ಲಿ ಬಿಸಿ-ಇ ಎಂಬ ಹೊಸ ವರ್ಗವನ್ನು ರೂಪಿಸಲಾಯಿತು. ಶೇಖ್, ಖುರೇಶಿ, ಫಕೀರ್, ಹಜಾಮ್, ಲಬ್ಬಿ ಮುಂತಾದವರು ಅದರೊಳಗೆ ಬಂದರು. ಸಯ್ಯದ್, ಮೊಘಲ್, ಪಠಾಣ್, ಬೋಹ್ರಾ ಮುಂತಾದವರು ಹೊರಗುಳಿದರು. ದೂದೇಕುಲ ಎಂದು ಕರೆಯಲ್ಪಡುವ, ಹತ್ತಿ ಹಿಂಜುವ ಕಸುಬಿನವರು ಮೊದಲೇ ಬಿಸಿ-ಬಿಯಲ್ಲಿದ್ದರು. ನಮ್ಮಲ್ಲಿ ಅದೇ ಕಸುಬಿನ ನದಾಫ್, ಪಿಂಜಾರರು ಪ್ರವರ್ಗ 1ರಲ್ಲಿರುವ ಹಾಗೆ.

2010ರ ಫೆಬ್ರವರಿಯಲ್ಲಿ ಏಳು ನ್ಯಾಯಮೂರ್ತಿಗಳ ಪೀಠ ಬಹುಮತದಿಂದ ಈ ಕಾನೂನನ್ನೂ ತಳ್ಳಿಹಾಕಿತು. ಮರು ತಿಂಗಳೇ ಸುಪ್ರೀಂ ಕೋರ್ಟ್ ಮಧ್ಯಂತರ ಆದೇಶ ಕೊಟ್ಟು ಮೀಸಲಾತಿ ಮುಂದುವರಿಯಲು ಅವಕಾಶ ನೀಡಿತು. ಅಂದರೆ ಒಂದು ತಲೆಮಾರಿನ ಮಕ್ಕಳು ಮಧ್ಯಂತರ ಆದೇಶವೊಂದರ ನೆರಳಿನಲ್ಲಿ ಓದಿ ದೊಡ್ಡವರಾಗಿದ್ದಾರೆ.

ರಾಜಕೀಯದ ಮಾತೂ ಇದೆ. 2024ರ ಚುನಾವಣೆಯಲ್ಲಿ ಬಿಜೆಪಿಯ ರಾಷ್ಟ್ರೀಯ ನಾಯಕರು ಮುಸ್ಲಿಂ ಮೀಸಲಾತಿಯ ವಿರುದ್ಧ ಭಾಷಣ ಮಾಡುತ್ತಿದ್ದರೆ, ಅದೇ ಮೈತ್ರಿಕೂಟದ ಚಂದ್ರಬಾಬು ನಾಯ್ಡು ಆಂಧ್ರದಲ್ಲಿ ಶೇ. 4ನ್ನು ಉಳಿಸುತ್ತೇನೆ ಎಂದರು. ಇದನ್ನು ಬರೀ ಅವರ ಔದಾರ್ಯ ಅಂದುಕೊಳ್ಳಬೇಕಾಗಿಲ್ಲ. ಒಂದು ಸೌಲಭ್ಯ ಮನೆಮನೆಗೆ ತಲುಪಿ ಮಕ್ಕಳು ಅದರ ಫಲ ಉಂಡ ಮೇಲೆ ಅದನ್ನು ಕಿತ್ತುಕೊಳ್ಳುವುದು ಯಾವ ಪಕ್ಷಕ್ಕೂ ಸುಲಭವಲ್ಲ.

ಹಾಗಾದರೆ ಆ ಫಲ ಎಂಥದ್ದು? ವಿಜಯವಾಡದ ಉದಾಹರಣೆ ತೆಗೆದುಕೊಳ್ಳೋಣ. ಇಂಟರ್‌ಮೀಡಿಯೆಟ್ ಕಾಲೇಜು, ಕೋಚಿಂಗ್, ಹಾಸ್ಟೆಲುಗಳಿಗೆ ಈ ನಗರ ದೇಶಕ್ಕೇ ಹೆಸರುವಾಸಿ. ಇಲ್ಲೇ ಆಟೋನಗರವೂ ಇದೆ. ಲಾರಿ ಬಾಡಿ ಕಟ್ಟುವವರು, ವೆಲ್ಡರ್‌ಗಳು, ಮೆಕ್ಯಾನಿಕ್‌ಗಳು ತುಂಬಿರುವ ದೊಡ್ಡ ಪೇಟೆ ಅದು. ಅಲ್ಲಿನ ಮೆಕ್ಯಾನಿಕ್ ಒಬ್ಬರ ಮಗನನ್ನು ಕಲ್ಪಿಸಿಕೊಳ್ಳಿ. ಬಿಸಿ-ಇ ಪ್ರಮಾಣಪತ್ರದಿಂದ ಅವನಿಗೆ ಇಂಜಿನಿಯರಿಂಗ್ ಸೀಟು ಸಿಗುತ್ತದೆ. ರಾಜಶೇಖರ ರೆಡ್ಡಿಯವರ ಕಾಲದಲ್ಲಿ ಶುರುವಾಗಿ ಬೇರೆ ಬೇರೆ ಹೆಸರಿನಲ್ಲಿ ನಡೆದು ಬಂದ ಶುಲ್ಕ ಮರುಪಾವತಿ ಯೋಜನೆಯಿಂದ ಫೀಸಿನ ಭಾರ ಇಳಿಯುತ್ತದೆ. ಸೀಟು ಮಾತ್ರ ಇದ್ದು ಫೀಸಿಗೆ ದಾರಿ ಇಲ್ಲದಿದ್ದರೆ ಅವನು ಅಪ್ಪನ ಗ್ಯಾರೇಜಿನಲ್ಲೇ ಇರುತ್ತಿದ್ದ. ಮೀಸಲಾತಿ ಮತ್ತು ಶುಲ್ಕದ ನೆರವು ಜೊತೆಯಾದಾಗ ಮಾತ್ರ ಶಿಕ್ಷಣದ ಬಾಗಿಲು ತೆರೆಯುತ್ತದೆ.

ಸರಿ, ಹುಡುಗ ಪಾಸಾದ. ಮುಂದೆ?

ಇಲ್ಲಿಂದ ವಿಶಾಖಪಟ್ಟಣಕ್ಕೆ ಹೋಗೋಣ. ಆಂಧ್ರದ ಇಂಜಿನಿಯರಿಂಗ್ ಹುಡುಗರಿಗೆ ದೊಡ್ಡ ಸರಕಾರಿ ಕೆಲಸ ಎಂದರೆ ನೆನಪಾಗುವ ಹೆಸರುಗಳಲ್ಲಿ ಅಲ್ಲಿನ ಉಕ್ಕಿನ ಕಾರ್ಖಾನೆಯೂ ಒಂದು. 'ವಿಶಾಖ ಉಕ್ಕು ಆಂಧ್ರುಲ ಹಕ್ಕು' ಎಂಬ ಘೋಷಣೆಗೆ ಕನ್ನಡಿಗರಿಗೆ ಅನುವಾದವೇ ಬೇಡ. 1966ರ ಆ ಚಳವಳಿಯಲ್ಲಿ 32 ಮಂದಿ ಪ್ರಾಣ ತೆತ್ತರೆಂದು ಅಲ್ಲಿನವರು ಇಂದಿಗೂ ನೆನೆಯುತ್ತಾರೆ. 1970ರಲ್ಲಿ ಇಂದಿರಾ ಗಾಂಧಿ ದಕ್ಷಿಣಕ್ಕೆ ಮೂರು ಉಕ್ಕಿನ ಕಾರ್ಖಾನೆಗಳನ್ನು ಘೋಷಿಸಿದರು. ಒಂದು ವಿಶಾಖಪಟ್ಟಣಕ್ಕೆ, ಒಂದು ಸೇಲಂಗೆ, ಇನ್ನೊಂದು ನಮ್ಮ ಹೊಸಪೇಟೆಗೆ. ನಮ್ಮದಕ್ಕೆ 1971ರಲ್ಲಿ ತೋರಣಗಲ್ಲಿನಲ್ಲಿ ಅಡಿಗಲ್ಲೂ ಬಿತ್ತು. ಆದರೆ ಸರಕಾರಿ ಕಾರ್ಖಾನೆ ಮೇಲೇಳಲೇ ಇಲ್ಲ. 1990ರ ದಶಕದಲ್ಲಿ ಅಲ್ಲಿ ಬಂದದ್ದು ಜಿಂದಾಲ್ ಕಂಪೆನಿ. ಅದು ಸಾವಿರಾರು ಜನರಿಗೆ ಕೆಲಸ ಕೊಟ್ಟಿದೆ, ಇಲ್ಲವೆನ್ನಲಾಗದು. ಆದರೆ ಖಾಸಗಿ ಕಂಪೆನಿಗೆ ಮೀಸಲಾತಿಯ ನಿಯಮ ಅನ್ವಯಿಸುವುದಿಲ್ಲ.

ವಿಶಾಖಪಟ್ಟಣದ ಕಾರ್ಖಾನೆ ಕೇಂದ್ರದ್ದು. ಹಾಗಾಗಿ ಅಲ್ಲಿ ರಾಜ್ಯದ ಬಿಸಿ-ಇ ನಡೆಯುವುದಿಲ್ಲ, ಕೇಂದ್ರದ ಪಟ್ಟಿಯ ಪ್ರಕಾರ ಹಿಂದುಳಿದ ವರ್ಗಗಳಿಗೆ ಶೇ. 27, ಪರಿಶಿಷ್ಟ ಜಾತಿಗೆ ಶೇ. 15, ಪರಿಶಿಷ್ಟ ಪಂಗಡಕ್ಕೆ ಶೇ. 7.5 ಇದೆ. 2021ರ ಜನವರಿಯಲ್ಲಿ ಕೇಂದ್ರ ಸರಕಾರ ಈ ಕಾರ್ಖಾನೆಯಲ್ಲಿರುವ ತನ್ನ ಪೂರ್ತಿ ಪಾಲನ್ನು ಮಾರಲು ತಾತ್ವಿಕ ಒಪ್ಪಿಗೆ ನೀಡಿತು. ಸರಕಾರದ ಪಾಲು ಅರ್ಧಕ್ಕಿಂತ ಕೆಳಗಿಳಿದರೆ ಅದು ಸರಕಾರಿ ಕಂಪೆನಿಯಾಗಿ ಉಳಿಯುವುದಿಲ್ಲ, ಮೀಸಲಾತಿಯೂ ಅದರೊಂದಿಗೆ ಹೋಗುತ್ತದೆ. ಕಾರ್ಮಿಕರು ಬೀದಿಗಿಳಿದರು. 2025ರ ಜನವರಿಯಲ್ಲಿ ಕೇಂದ್ರ 11,440 ಕೋಟಿ ರೂಪಾಯಿಯ ಪುನಶ್ಚೇತನ ಪ್ಯಾಕೇಜ್ ಘೋಷಿಸಿತು. ಆದರೂ ಆತಂಕ ಹೋಗಿಲ್ಲ. ಕಾರ್ಖಾನೆಗೆ ಸ್ವಂತ ಕಬ್ಬಿಣದ ಅದಿರಿನ ಗಣಿ ಇಲ್ಲ ಎಂಬ ಹಳೆಯ ದೂರು ಹಾಗೆಯೇ ಇದೆ. ಗುತ್ತಿಗೆ ಕಾರ್ಮಿಕರ ಕಡಿತದ ವಿರುದ್ಧ ಪ್ರತಿಭಟನೆಗಳೂ ನಡೆದಿವೆ.

ಈಗ ಲೆಕ್ಕ ಹಾಕಿ ನೋಡಿ. ಶೇ. 4 ಎಂದರೆ 25 ಹುದ್ದೆಗಳಿಗೆ ಒಂದು. 25 ಹುದ್ದೆಗೆ ಅಧಿಸೂಚನೆಯೇ ಬರದಿದ್ದರೆ ಆ ಒಂದೂ ಇಲ್ಲ. ಖಾಲಿ ಹುದ್ದೆಗಳನ್ನು ತುಂಬದೆ ಹೊರಗುತ್ತಿಗೆಯಲ್ಲಿ ಕೆಲಸ ಮಾಡಿಸಿದರೆ ನಾಲ್ಕು ಶೇಕಡಾ ಕಾಗದದಲ್ಲಿ ಉಳಿಯುತ್ತದೆ, ಅಷ್ಟೇ. ಯಾರೂ ಅದನ್ನು ರದ್ದು ಮಾಡಬೇಕಾಗಿಲ್ಲ, ಕೋರ್ಟಿಗೂ ಹೋಗಬೇಕಾಗಿಲ್ಲ. ಸದ್ದಿಲ್ಲದೆ ಅದು ಕರಗಿ ಹೋಗುತ್ತದೆ. ಇದು ಮುಸ್ಲಿಮರ ಸಮಸ್ಯೆ ಮಾತ್ರವಲ್ಲ. ದಲಿತರು, ಆದಿವಾಸಿಗಳು, ಇತರ ಹಿಂದುಳಿದವರು ಎಲ್ಲರೂ ಇದೇ ದೋಣಿಯಲ್ಲಿದ್ದಾರೆ.

2006ರ ಸಾಚಾರ್ ವರದಿ ಹೇಳಿದ ಮಾತು ಇಲ್ಲಿ ನೆನಪಾಗುತ್ತದೆ. ದುಡಿಯುವ ಮುಸ್ಲಿಮರಲ್ಲಿ ಸುಮಾರು ಶೇ. 61 ಮಂದಿ ಸ್ವಂತ ದುಡಿಮೆಯವರು. ಐಎಎಸ್‌ನಲ್ಲಿ ಮುಸ್ಲಿಮರು ಶೇ. 3, ರೈಲ್ವೆಯಲ್ಲಿ ಶೇ. 4.5. ಅಂಗಡಿ, ಗ್ಯಾರೇಜು, ಮೀನು ವ್ಯಾಪಾರ, ಗುಜರಿ ನಮ್ಮ ಅನ್ನ ಹುಟ್ಟಿಸಿವೆ, ಅದರಲ್ಲಿ ನಾಚಿಕೆ ಪಡುವಂಥದ್ದೇನೂ ಇಲ್ಲ. ಆದರೆ ಆ ದುಡಿಮೆಯಲ್ಲಿ ಪಿಂಚಣಿ ಇಲ್ಲ, ಕಾಯಿಲೆ ಬಿದ್ದರೆ ರಜೆ ಇಲ್ಲ, ಒಂದು ಲಾಕ್‌ಡೌನ್ ಬಂದರೆ ಒಲೆಯೇ ಉರಿಯುವುದಿಲ್ಲ. ಅದಕ್ಕೇ ಸಂಬಳದ, ಭದ್ರತೆಯ ಕೆಲಸ ಮುಖ್ಯವಾಗುವುದು.

ಹಾಗಾದರೆ ನಾವು ಮಾಡಬೇಕಾದ್ದೇನು? ಮೊದಲನೆಯದಾಗಿ, ಮೀಸಲಾತಿಯನ್ನು ಧರ್ಮದ ಹೆಸರಿನಲ್ಲಿ ಅಲ್ಲ, ಹಿಂದುಳಿದಿರುವಿಕೆಯ ಆಧಾರದಲ್ಲಿ ಸಮರ್ಥಿಸಬೇಕು. ಆಂಧ್ರದಲ್ಲಿ ಮೊದಲೆರಡು ಪ್ರಯತ್ನ ಬಿದ್ದದ್ದು ಇಲ್ಲಿಯೇ. ಅಂಕಿ ಅಂಶ ನಮ್ಮ ಕೈಯಲ್ಲಿರಬೇಕು. ಸಮೀಕ್ಷೆಗೆ ಬಂದವರಿಗೆ ಓದು, ಉದ್ಯೋಗ, ಆದಾಯವನ್ನು ಸರಿಯಾಗಿ ಬರೆಸಬೇಕು. ಎರಡನೆಯದಾಗಿ, ಸೀಟಿನ ಜೊತೆಗೆ ವಿದ್ಯಾರ್ಥಿವೇತನವನ್ನೂ ಕೇಳಬೇಕು. 2022ರಲ್ಲಿ ಕೇಂದ್ರ ಸರಕಾರ ಮೌಲಾನಾ ಆಝಾದ್ ಫೆಲೋಶಿಪ್ ನಿಲ್ಲಿಸಿತು, ಒಂದರಿಂದ ಎಂಟನೇ ತರಗತಿಯವರೆಗಿನ ಅಲ್ಪಸಂಖ್ಯಾತ ವಿದ್ಯಾರ್ಥಿವೇತನವನ್ನೂ ಕೈಬಿಟ್ಟಿತು. 2ಬಿ ವಿಷಯದಲ್ಲಿ ಎದ್ದಷ್ಟು ದನಿ ಆಗ ನಮ್ಮಿಂದ ಎದ್ದಿತೇ? ಮೂರನೆಯದಾಗಿ, ಖಾಲಿ ಹುದ್ದೆ ತುಂಬಿ ಎಂಬ ಹೋರಾಟ, ಸರಕಾರಿ ಕಾರ್ಖಾನೆ ಉಳಿಸಿ ಎಂಬ ಹೋರಾಟ ಬೇರೆ ಯಾರದ್ದೋ ಎಂದು ಸುಮ್ಮನಿರಬಾರದು. ಅದು ನಮ್ಮ ಮೀಸಲಾತಿಯ ಹೋರಾಟವೇ.

ವಿದ್ಯಾರ್ಥಿಗಳಿಗೆ ಒಂದು ಕಿವಿಮಾತು. ರಾಜ್ಯದ 2ಬಿ ಪಟ್ಟಿ ಮತ್ತು ಕೇಂದ್ರದ ಒಬಿಸಿ ಪಟ್ಟಿ ಒಂದೇ ಅಲ್ಲ. ರೈಲ್ವೆ, ಬ್ಯಾಂಕು, ಕೇಂದ್ರದ ಕಾರ್ಖಾನೆಗಳಿಗೆ ಅರ್ಜಿ ಹಾಕುವ ಮುಂಚೆ ನಿಮ್ಮ ಗುಂಪಿನ ಹೆಸರು ಕೇಂದ್ರದ ಪಟ್ಟಿಯಲ್ಲಿದೆಯೇ ನೋಡಿಕೊಳ್ಳಿ. ಇದ್ದರೆ ಕೇಂದ್ರದ ನಮೂನೆಯಲ್ಲೇ ಪ್ರಮಾಣಪತ್ರ ಮಾಡಿಸಿಟ್ಟುಕೊಳ್ಳಿ. ಕೊನೆಯ ದಿನ ತಾಲೂಕು ಕಚೇರಿಗೆ ಓಡಿದರೆ ಪ್ರಯೋಜನವಿಲ್ಲ. ಇರುವ ಹಕ್ಕನ್ನು ಮೊದಲು ಪೂರ್ತಿಯಾಗಿ ಬಳಸೋಣ. ಇಲ್ಲದ್ದನ್ನು ಕೇಳುವ ದನಿಗೂ ಆಗಲೇ ಬಲ ಬರುವುದು.