ಕಂಪ್ಲಿಯ ಕಬ್ಬು, ಕೆಂಟಕಿಯ ಗಂಧ

ಬೆಂಗಳೂರಿನ ಖೋಡೆ ಸಂಸ್ಥೆ 1968ರಿಂದ ತಯಾರಿಸಿಕೊಂಡು ಬಂದ ‘ಪೀಟರ್ ಸ್ಕಾಟ್’ ವಿಸ್ಕಿಯ ಮೇಲೆ ಸ್ಕಾಚ್ ವಿಸ್ಕಿ ತಯಾರಕರ ಸಂಘ ಹೂಡಿದ್ದ ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೆ ಬೆಳೆದು, 2008ರಲ್ಲಿ ಖೋಡೆಯವರ ಪರವಾಗಿ ಇತ್ಯರ್ಥವಾಯಿತು. ಹೆಸರಿನಲ್ಲಿರುವ ‘ಸ್ಕಾಟ್’ ಎಂಬ ಪದದಿಂದ ಗ್ರಾಹಕರು ಮೋಸಹೋಗುತ್ತಾರೆ ಎಂಬುದು ಸಂಘದ ದೂರು. ಆಕ್ಷೇಪಣೆ ಎತ್ತುವುದರಲ್ಲಿ ಅದು ಮಾಡಿದ ವಿಳಂಬವೇ ಮುಳುವಾಯಿತು. ಆದರೆ ತೀರ್ಪಿನಲ್ಲಿ ಇನ್ನೊಂದು ಸ್ವಾರಸ್ಯಕರ ವಿಚಾರವೂ ಇತ್ತು. ಸ್ಕಾಚ್ ಕೊಳ್ಳುವವರು ವಿದ್ಯಾವಂತರು, ವಿವೇಚನೆಯುಳ್ಳವರು. ಯಾವುದು ಸ್ಕಾಚ್, ಯಾವುದಲ್ಲ ಎಂಬುದು ಅವರಿಗೆ ತಿಳಿದಿರುತ್ತದೆ ಎಂದು ನ್ಯಾಯಾಲಯ ಭಾವಿಸಿತು.

ನಮ್ಮ ನಾಲಿಗೆಯ ಮೇಲೆ ನ್ಯಾಯಾಲಯ ಇಟ್ಟ ಈ ವಿಶ್ವಾಸಕ್ಕೆ ನಾವು ಅರ್ಹರೇ? ಹೊಸಪೇಟೆಯಲ್ಲಿ ಒಂದು ಸಂಜೆ ಅದನ್ನು ಪರೀಕ್ಷಿಸಿ ನೋಡುವ ಅವಕಾಶ ಒದಗಿತು. ಹಂಪಿಯಲ್ಲಿ ವಿರೂಪಾಕ್ಷನ ಸನ್ನಿಧಿಯ ಸುತ್ತ ಮದ್ಯ ಮಾಂಸಗಳಿಗೆ ಅವಕಾಶವಿಲ್ಲವಾದ್ದರಿಂದ, ಅಲ್ಲಿಗೆ ಬರುವ ಅನೇಕರ ಸಂಜೆಗಳು ಹೊಸಪೇಟೆಯಲ್ಲಿ ಕಳೆಯುತ್ತವೆ. ಹಾಗೆ ಬಂದ ಅಮೆರಿಕವಾಸಿ ಗೆಳೆಯನೊಬ್ಬ ಎರಡು ಬಾಟಲಿ ಬಿಟ್ಟು ಹೋಗಿದ್ದ. ಒಂದು ಬರ್ಬನ್, ಇನ್ನೊಂದು ಸ್ಕಾಟ್ಲೆಂಡಿನ ಐಲಾ ದ್ವೀಪದ ಮಾಲ್ಟ್. ಅವುಗಳ ಜೊತೆಗೆ ಬೆಂಗಳೂರಿನ ಅಮೃತ್ ಸಿಂಗಲ್ ಮಾಲ್ಟನ್ನೂ ನಮ್ಮೂರ ಅಂಗಡಿಯ ಸಾಧಾರಣ ದೇಶಿ ವಿಸ್ಕಿಯನ್ನೂ ಇಟ್ಟೆವು. ಬಾಟಲಿಗಳಿಗೆ ಹಳೆಯ ಪತ್ರಿಕೆ ಸುತ್ತಿ, ನಾಲ್ಕು ಗುರುತಿಲ್ಲದ ಲೋಟಗಳಲ್ಲಿ ಒಂದೊಂದು ಗುಟುಕು ಬಗ್ಗಿಸಿದ್ದಾಯಿತು. ಮದ್ಯದ ಗುಣಗಾನ ನನ್ನ ಉದ್ದೇಶವಲ್ಲ. ಕುಡಿತ ಹಾಳುಮಾಡಿದ ಮನೆಗಳನ್ನು ನಮ್ಮ ಬೀದಿಯಲ್ಲೇ ಕಂಡವನು ನಾನು.

ಕುಳಿತವರು ಮೂವರು. ನನ್ನನ್ನು ಬಿಟ್ಟರೆ ಸಂಡೂರಿನಲ್ಲಿ ಅದಿರು ಸಾಗಣೆಯ ಲೆಕ್ಕಪತ್ರ ನೋಡಿಕೊಂಡಿದ್ದ ಒಬ್ಬರು, ಕಂಪ್ಲಿಯ ಕಬ್ಬು ಬೆಳೆಗಾರರೊಬ್ಬರು. ಐಲಾದ ಲೋಟವನ್ನು ಗುರುತಿಸುವುದು ಯಾರಿಗೂ ಕಷ್ಟವಾಗಲಿಲ್ಲ. ಅಲ್ಲಿ ಮೊಳಕೆ ಬರಿಸಿದ ಬಾರ್ಲಿಯನ್ನು ಒಣಗಿಸಲು ಪೀಟ್ ಎಂಬ ಜೌಗುನೆಲದ ಮಣ್ಣನ್ನು ಉರಿಸುತ್ತಾರೆ. ಆ ಹೊಗೆ ಕಾಳಿನೊಳಗೆ ಸೇರಿ, ಭಟ್ಟಿ ಇಳಿಸಿದ ಮೇಲೂ ಉಳಿಯುತ್ತದೆ. ಟಿಂಚರ್ ಹಾಕಿದ ಗಾಯದ ಪಟ್ಟಿಯ ವಾಸನೆ ಎಂದು ಸಂಡೂರಿನವರು ಮುಖ ಸಿಂಡರಿಸಿದರು. ಸ್ಕಾಚ್ ಎಲ್ಲವೂ ಹೀಗಿರುವುದಿಲ್ಲ. ಸ್ಪೇ ನದಿಯ ಸೀಮೆಯ ಮಾಲ್ಟುಗಳಲ್ಲಿ ಸಾಮಾನ್ಯವಾಗಿ ಹೊಗೆಗಿಂತ ಜೇನು, ಸೇಬುಗಳ ಛಾಯೆಯೇ ಹೆಚ್ಚು.

ಎರಡನೆಯ ಲೋಟವನ್ನು ಮೂಗಿನ ಬಳಿ ಹಿಡಿದ ಕಂಪ್ಲಿಯವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, “ಇದು ನಮ್ದೇರಿ ಸಾರ್. ಇದ್ರಾಗ ಆಲೆಮನಿ ವಾಸ್ನಿ ಐತಿ” ಎಂದರು. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿದು, ಪಾಕ ಕೆಂಪಾಗಿ, ಅಂಚಿನಲ್ಲಿ ತುಸು ಸೀಯುವಾಗ ಏಳುವ ಗಂಧ ಅದು. ಕಬ್ಬಿನಿಂದ ತಯಾರಾದ ದೇಶಿ ವಿಸ್ಕಿ ಇದೇ ಎಂದು ಪಣ ಕಟ್ಟಲೂ ಸಿದ್ಧರಾದರು. ಪತ್ರಿಕೆ ಬಿಚ್ಚಿದರೆ ಅದು ಬರ್ಬನ್!

ಬರ್ಬನ್ ತಯಾರಿಕೆಯಲ್ಲಿ ಕಬ್ಬಿನ ಸೋಂಕೇ ಇಲ್ಲ. ಅಮೆರಿಕದ ಕಾನೂನಿನಂತೆ ಅದರ ಧಾನ್ಯದಲ್ಲಿ ಕನಿಷ್ಠ ಶೇ 51ರಷ್ಟು ಮೆಕ್ಕೆಜೋಳ ಇರಬೇಕು. ಒಳಮೈ ಸುಟ್ಟು ಕರಿದು ಮಾಡಿದ ಹೊಸ ಓಕ್ ಪೀಪಾಯಿಯಲ್ಲಿಯೇ ಅದನ್ನು ಇಡಬೇಕು. ಬಣ್ಣವನ್ನಾಗಲೀ ಸಿಹಿಯನ್ನಾಗಲೀ ಬೆರೆಸುವಂತಿಲ್ಲ. ಮರವನ್ನು ಸುಡುವಾಗ ಅದರೊಳಗಿನ ಸಕ್ಕರೆಯ ಅಂಶ ಪಾಕದಂತೆ ಕೆಂಪಾಗುತ್ತದೆ, ನಾರಿನ ಅಂಶದಿಂದ ವೆನಿಲ್ಲಾದ ಪರಿಮಳ ಹುಟ್ಟುತ್ತದೆ. ಕೆಂಟಕಿಯ ಬೇಸಿಗೆಯಲ್ಲಿ ಮದ್ಯ ಹಿಗ್ಗಿ ಮರದೊಳಕ್ಕೆ ಇಳಿದು, ಚಳಿಗಾಲದಲ್ಲಿ ಕುಗ್ಗಿ ಹೊರಬರುವಾಗ ಈ ಬೆಲ್ಲದ ಗಂಧವನ್ನು ಹೊತ್ತು ತರುತ್ತದೆ. ನಮ್ಮವರ ಮೂಗು ಕೊಪ್ಪರಿಗೆಯ ಪಾಕವನ್ನು ಸರಿಯಾಗಿಯೇ ಗುರುತಿಸಿತ್ತು. ಪಾಕವಾದದ್ದು ಮಾತ್ರ ಓಕ್ ಮರದೊಳಗೆ.

ಒಮ್ಮೆ ಬಳಸಿದ ಪೀಪಾಯಿಯಲ್ಲಿ ಮತ್ತೆ ಬರ್ಬನ್ ತುಂಬುವಂತಿಲ್ಲ. ಹೀಗಾಗಿ ಆ ಹಳೆಯ ಪೀಪಾಯಿಗಳು ಹಡಗೇರಿ ಸ್ಕಾಟ್ಲೆಂಡಿಗೆ ಹೋಗುತ್ತವೆ, ನಮ್ಮ ಬೆಂಗಳೂರಿಗೂ ಬರುತ್ತವೆ. ಸ್ಕಾಚ್ ಎಂದರೆ ಹಿರಿಯ ಮನೆತನ, ಬರ್ಬನ್ ಎಂದರೆ ಅಮೆರಿಕದ ಒರಟುತನ ಎಂದು ಮೂಗು ಮುರಿಯುವವರು ಇದನ್ನು ನೆನಪಿಡುವುದು ಒಳ್ಳೆಯದು. ಬಣ್ಣಕ್ಕಾಗಿ ಸುಟ್ಟ ಸಕ್ಕರೆಯ ಪಾಕ ಬೆರೆಸಲು ಕಾನೂನು ಅನುಮತಿ ಕೊಟ್ಟಿರುವುದು ಸ್ಕಾಚಿಗೇ.

ಹಾಗಾದರೆ ಕಂಪ್ಲಿಯ ಕಬ್ಬು ಎಲ್ಲಿ ಹೋಯಿತು? ನಾಲ್ಕನೆಯ ಲೋಟದಲ್ಲಿತ್ತು. ಅದನ್ನು ಮೂಸಿದ ಬೆಳೆಗಾರರಿಗೆ ಖಾರವಾದ ಸ್ಪಿರಿಟ್ಟಿನ ಹೊರತು ಏನೂ ಸಿಗಲಿಲ್ಲ. ನಮ್ಮ ದೇಶದ ಅಗ್ಗದ ವಿಸ್ಕಿಗಳಲ್ಲಿ ಬಹುಪಾಲು ಸಕ್ಕರೆ ಕಾರ್ಖಾನೆಯ ಕಾಕಂಬಿಯಿಂದ ಹುಟ್ಟಿದವು. ಕಾಕಂಬಿಯನ್ನು ಹುಳಿಯಿಸಿ, ಎತ್ತರದ ಗೋಪುರಗಳಲ್ಲಿ ಭಟ್ಟಿ ಇಳಿಸಿ, ಶೇ 96ರ ಸುಮಾರಿನ ಮದ್ಯಸಾರವಾಗಿ ಶುದ್ಧೀಕರಿಸುವಾಗ ಕಬ್ಬಿನ ರುಚಿ, ವಾಸನೆ, ನೆನಪು ಎಲ್ಲವೂ ಅಳಿಸಿಹೋಗುತ್ತವೆ. ಅನಂತರ ನೀರು, ಬಣ್ಣ, ಪರಿಮಳ, ಒಂದಿಷ್ಟು ಮಾಲ್ಟ್ ಸೇರಿಸಿ ‘ವಿಸ್ಕಿ’ ಎನ್ನುತ್ತಾರೆ. ಯುರೋಪಿನಲ್ಲಿ ಇಂಥದ್ದನ್ನು ವಿಸ್ಕಿಯೆಂದು ಮಾರುವಂತಿಲ್ಲ; ಅಲ್ಲಿ ವಿಸ್ಕಿಯೆಂದರೆ ಧಾನ್ಯದಿಂದಲೇ ಆಗಬೇಕು. ಅದೇ ಕಬ್ಬಿನ ರಮ್ಮನ್ನು ರಮ್ಮೆಂದೇ ಮಾರುವಾಗ ಯಾರಿಗೂ ನಾಚಿಕೆಯಿಲ್ಲ. ವಿಸ್ಕಿಯ ಬಾಟಲಿಗೆ ಮಾತ್ರ ಯಾಕೆ ಸ್ಕಾಟ್ಲೆಂಡಿನ ವೇಷ?

ಈ ವೇಷದ ಮೋಹ ನಮ್ಮ ಸೀಮೆಯಲ್ಲಿ ಅತಿಯಾಗಿ ಕಂಡದ್ದು ಗಣಿಯ ವರ್ಷಗಳಲ್ಲಿ. ಚೀನಾದ ಬೇಡಿಕೆಯಿಂದ ಅದಿರಿನ ಬೆಲೆ ಏರಿದಾಗ ಸಂಡೂರು ಹೊಸಪೇಟೆಗಳ ರಸ್ತೆಗಳು ಕೆಂಪು ಧೂಳಿನಲ್ಲಿ ಮುಳುಗಿದ್ದವು. ಸಾರಾಯಿ ನಿಷೇಧವಾದದ್ದೂ ಆ ಅವಧಿಯಲ್ಲೇ, 2007ರಲ್ಲಿ; ಕೂಲಿಯವನು ಸಾರಾಯಿ ಪ್ಯಾಕೆಟ್ಟಿನಿಂದ ಅಗ್ಗದ ‘ವಿಸ್ಕಿ’ಗೆ ಬಂದ. ಧಣಿಗಳ ಮೇಜಿನ ಮೇಲಿದ್ದ ಸ್ಕಾಚನ್ನು ಅಳೆಯುತ್ತಿದ್ದುದು ಅದರ ವಯಸ್ಸು ಮತ್ತು ಬೆಲೆಯಿಂದ. “ಹನ್ನೆರಡು ವರ್ಷದ್ದು ಕೊಟ್ರೆ ಸಿಟ್ಟು, ಹದಿನೆಂಟರದು ಕೊಟ್ರೆ ಸಹಿ, ರುಚಿ ಬಗ್ಗೆ ಯಾರೂ ಒಂದು ಮಾತಾಡಿದ್ದು ನೆನಪಿಲ್ಲ” ಎನ್ನುತ್ತಾರೆ ನಮ್ಮ ಸಂಡೂರಿನ ಮಿತ್ರರು. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆಗೆ ತಡೆಯೊಡ್ಡಿದ ಮೇಲೆ ಆ ಮೇಜುಗಳು ಖಾಲಿಯಾದವು.

ವಯಸ್ಸೇ ಗುಣ ಎಂಬ ನಂಬಿಕೆಗೆ ಮೂರನೆಯ ಲೋಟ ಉತ್ತರ ಕೊಟ್ಟಿತು. ಅದರಲ್ಲಿ ಬಾರ್ಲಿಯ ದುಂಡುತನವೂ ಮರದ ಒಗರೂ ಒಟ್ಟಿಗಿದ್ದವು. ಸಂಡೂರಿನವರು ಅದನ್ನೇ ಹಳೆಯ ಸ್ಕಾಚ್ ಎಂದು ನಿರ್ಧರಿಸಿದ್ದರು, ಅದು ಅಮೃತ್. 1948ರಲ್ಲಿ ರಾಧಾಕೃಷ್ಣ ಜಗದಾಳೆಯವರು ಬೆಂಗಳೂರಿನಲ್ಲಿ ಕಟ್ಟಿದ ಈ ಸಂಸ್ಥೆ, 2004ರಲ್ಲಿ ತನ್ನ ಮಾಲ್ಟನ್ನು ಸ್ಕಾಟ್ಲೆಂಡಿನದೇ ಗ್ಲಾಸ್ಗೊ ನಗರದಲ್ಲಿ ಬಿಡುಗಡೆ ಮಾಡುವ ಧೈರ್ಯ ತೋರಿತು. ಸ್ಕಾಟ್ಲೆಂಡಿನ ಪೀಪಾಯಿಯಲ್ಲಿ ವರ್ಷಕ್ಕೆ ಶೇ 2ರಷ್ಟು ಮದ್ಯ ಆವಿಯಾದರೆ, ಬೆಂಗಳೂರಿನಲ್ಲಿ ಶೇ 10ಕ್ಕೂ ಹೆಚ್ಚು. ನಷ್ಟ ದೊಡ್ಡದು, ಆದರೆ ಅದೇ ಬಿಸಿಲಿನಿಂದ ಮದ್ಯ ನಾಲ್ಕೈದು ವರ್ಷಗಳಲ್ಲೇ ಪಕ್ವವಾಗುತ್ತದೆ. ಇಲ್ಲಿ ಹದಿನೆಂಟು ವರ್ಷ ಕಾದರೆ ಪೀಪಾಯಿಯಲ್ಲಿ ಉಳಿಯುವುದು ಅತ್ಯಲ್ಪ. ಈ ಸಂಸ್ಥೆಯ ‘ಫ್ಯೂಷನ್’ ವಿಸ್ಕಿಯನ್ನು ಜಿಮ್ ಮರ್ರೆ ಎಂಬ ವಿಮರ್ಶಕರು ತಮ್ಮ 2010ರ ಕೈಪಿಡಿಯಲ್ಲಿ ಜಗತ್ತಿನ ಮೂರನೆಯ ಅತ್ಯುತ್ತಮ ವಿಸ್ಕಿ ಎಂದು ಹೆಸರಿಸಿದರು.

ಈ ಹೋಲಿಕೆ ಇನ್ನು ಮುಂದೆ ಶ್ರೀಮಂತರ ಹವ್ಯಾಸವಾಗಿಯೇ ಉಳಿಯಲಾರದು. 2025ರ ಫೆಬ್ರುವರಿಯಲ್ಲಿ ಕೇಂದ್ರ ಸರ್ಕಾರ ಬರ್ಬನ್ ಮೇಲಿನ ಆಮದು ಸುಂಕವನ್ನು ಶೇ 150ರಿಂದ 100ಕ್ಕೆ ಇಳಿಸಿತು. ಅದೇ ಜುಲೈನಲ್ಲಿ ಬ್ರಿಟನ್ನಿನೊಂದಿಗೆ ಸಹಿಯಾದ ಒಪ್ಪಂದದಂತೆ ಸ್ಕಾಚ್ ಮೇಲಿನ ಸುಂಕ ಮೊದಲು ಶೇ 75ಕ್ಕೆ, ಮುಂದೆ ಹತ್ತು ವರ್ಷಗಳಲ್ಲಿ ಶೇ 40ಕ್ಕೆ ಇಳಿಯಬೇಕು. ಹೊರಗಿನವರು ತಮ್ಮ ಧಾನ್ಯ, ಮರ, ವರ್ಷಗಳನ್ನು ಕಾನೂನಿನಲ್ಲಿ ಬರೆದು ಬರುತ್ತಾರೆ. ನಮ್ಮವರು ಬಾಟಲಿಯ ಮೇಲೆ ‘ಕಾಕಂಬಿಯಿಂದ’ ಅಥವಾ ‘ಧಾನ್ಯದಿಂದ’ ಎಂಬ ಒಂದು ಪದವನ್ನಾದರೂ ಎದ್ದು ಕಾಣುವಂತೆ ಅಚ್ಚುಮಾಡಬೇಡವೇ?

ಹೊಸಪೇಟೆಯ ಸಕ್ಕರೆ ಕಾರ್ಖಾನೆ ಅರೆಯುವುದನ್ನು ನಿಲ್ಲಿಸಿ ವರ್ಷಗಳೇ ಆದವು. ಕಂಪ್ಲಿಯ ಕಬ್ಬು ಈಗ ಲಾರಿಯೇರಿ ದೂರದ ಕಾರ್ಖಾನೆಗಳಿಗೆ ಹೋಗುತ್ತದೆ. ಆ ಸಂಜೆ ಮಿತ್ರರು ಕನ್ನಡಕ ಏರಿಸಿ ದೇಶಿ ಬಾಟಲಿಯ ಚೀಟಿಯನ್ನು ಸುತ್ತಲೂ ಓದಿದರು. ಗರಿಷ್ಠ ಬೆಲೆ ಇತ್ತು, ಆರೋಗ್ಯದ ಎಚ್ಚರಿಕೆ ಇತ್ತು, ಒಂದು ಕೋಟೆಯ ಚಿತ್ರವೂ ಇತ್ತು. “ಕಬ್ಬು ಅಂತ ಎಲ್ಲೂ ಇಲ್ಲಲ್ರಿ” ಎಂದು ಬಾಟಲಿಯನ್ನು ನನ್ನ ಕಡೆಗೆ ಸರಿಸಿದರು.